ಕಲ್ಲು ಅಳೆದವನ ಕಾದಂಬರಿ

ಶಹಾಪುರದ ಸಮೀಪ, ವಿಭೂತಿಹಳ್ಳಿಯ ಬಯಲಿನಲ್ಲಿ ಗುಂಡುಬಂಡೆಗಳು ಯಾರೋ ನೂಲು ಹಿಡಿದು ಇರಿಸಿದಂತೆ ಸಾಲುಸಾಲಾಗಿ ನಿಂತಿವೆ. ಯಾದಗಿರಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದಾಗ ಒಮ್ಮೆ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಹಿಂದೆಯೇ ಈ ಕಲ್ಲುಗಳ ಸುದ್ದಿಯನ್ನು ವಿದ್ವತ್ ಲೋಕಕ್ಕೆ ಮುಟ್ಟಿಸಿದವನು ಸುರಪುರದ ಮೆಡೋಸ್ ಟೇಲರ್ ಎಂದೆ. ಒಬ್ಬ ಹುಡುಗ ಕೇಳಿದ: "ಕಲ್ಲು ಅಳಿಯೋನಿಗೆ ಕಾದಂಬರಿ ಯಾಕ ಬೇಕಾಯ್ತ್ರೀ ಸರ?" ಅಂದು ನಾನು ಏನೋ ಹೇಳಿ ಜಾರಿಕೊಂಡೆ.

ವಿಜ್ಞಾನಿಗಳು ಕಥೆಗಾರರಾಗುವುದು ನಮಗೇನೂ ಹೊಸದಲ್ಲ. 'ಶಿಕಾರಿ'ಯ ಯಶವಂತ ಚಿತ್ತಾಲರು ಪಾಲಿಮರ್ ತಜ್ಞರು. ಕೃಷಿವಿಜ್ಞಾನಿ ಕೆ. ಎನ್. ಗಣೇಶಯ್ಯನವರು ಹೊಯ್ಸಳ ಶಿಲ್ಪದ ಕೈಯಲ್ಲಿರುವ ಮುಸುಕಿನ ಜೋಳದಂಥ ತೆನೆಯ ಎಳೆ ಹಿಡಿದು 'ಕನಕ ಮುಸುಕು' ಬರೆದರು. ವಿಜ್ಞಾನ ಇವರಿಗೆ ವಸ್ತುವನ್ನು ಒದಗಿಸಿತು ಎಂದುಬಿಡುವುದು ಸುಲಭ. ನನಗೆ ಅಷ್ಟರಿಂದ ಸಮಾಧಾನವಿಲ್ಲ.

ಟೇಲರನನ್ನೇ ನೋಡಿ. ಪದವಿ ಪಡೆದ ವಿಜ್ಞಾನಿಯಲ್ಲ. ನಿಜಾಮನ ಸೇವೆಯಲ್ಲಿದ್ದುಕೊಂಡೇ ಮೋಜಣಿ, ಉತ್ಖನನಗಳನ್ನು ಕಲಿತವನು. ಸುರಪುರಕ್ಕೆ 1841ರಲ್ಲಿ ಬರುವ ಮೊದಲೇ, 1839ರಲ್ಲಿ, ಠಕ್ಕರನ್ನು ಕುರಿತ ಕಾದಂಬರಿಯಿಂದ ಹೆಸರಾಗಿದ್ದ. ಜೇವರ್ಗಿಯ ಪ್ರಾಚೀನ ಗೋರಿಗಳನ್ನು ಅಗೆಸಿದಾಗ ಎಲುಬು, ಮಡಕೆ ಸಿಕ್ಕವೆಂದು ಚೀಲಕ್ಕೆ ತುಂಬಿಕೊಂಡು ಹೋಗಲಿಲ್ಲ. ಗೋರಿಯನ್ನು ಅಡ್ಡಲಾಗಿ ಸೀಳಿದಂತೆ ಚಿತ್ರಿಸಿ, ಯಾವ ಪದರದಲ್ಲಿ ಏನಿತ್ತೆಂದು ತೋರಿಸಿದ. ಶತಮಾನದ ನಂತರ ಮಾರ್ಟಿಮರ್ ವೀಲರನಂಥ ಪುರಾತತ್ವಜ್ಞ ಆ ಚಿತ್ರಗಳನ್ನು ಮೆಚ್ಚಿದ.

ಆದರೆ ವಿಚಿತ್ರವಿದು. ಅಳತೆ ಮುಗಿಸಿ ನಿರ್ಣಯಕ್ಕೆ ಬಂದಾಗ ಟೇಲರ್ ಈ ಗೋರಿಗಳನ್ನು ಯುರೋಪಿನ ಕೆಲ್ಟರಿಗೂ ಸಿಥಿಯನ್ನರಿಗೂ ಗಂಟುಹಾಕಿದ. ಇವು ದಕ್ಷಿಣ ಭಾರತದ ಕಬ್ಬಿಣಯುಗದವರವು ಎಂಬುದು ಇಂದಿನ ತಿಳಿವಳಿಕೆ. ಅಂದರೆ ಕಲ್ಪನೆ ನುಸುಳಿದ್ದು ಶಾಸ್ತ್ರದೊಳಗೆ! ಕಾದಂಬರಿಯಲ್ಲಿಯೋ, 1863ರ 'ತಾರಾ'ದಲ್ಲಿ, ತುಳಜಾಪುರ, ಬಿಜಾಪುರಗಳ ಬದುಕು, ಉಡುಗೆ, ನಡೆ, ನುಡಿಗಳು ಕಣ್ಣಾರೆ ಕಂಡವನ ನಿಗಾದಿಂದ ಬರುತ್ತವೆ. ತನಗೆ ಗೊತ್ತಿಲ್ಲದ್ದನ್ನು ಊಹಿಸುವ ಆತುರ ಅಲ್ಲಿ ಕಡಿಮೆ. ಆಳುವವನ ದೃಷ್ಟಿ ಅದರಲ್ಲಿಲ್ಲವೆಂದು ನಾನು ಹೇಳಲಾರೆ. ಅದು ಇದೆ, ಕೆಲವೆಡೆ ಕಿರಿಕಿರಿಯಾಗುವಷ್ಟು ಇದೆ.

ಆ ಹುಡುಗನಿಗೆ ಈಗ ಉತ್ತರ ಹೇಳಬೇಕಾದರೆ ಸುರಪುರದ ರಾಜಾ ವೆಂಕಟಪ್ಪ ನಾಯಕನ ಕಡೆ ಬೆರಳು ತೋರಿಸುತ್ತೇನೆ. ಬಾಲ್ಯದಲ್ಲಿ ಟೇಲರನ ಪೋಷಣೆಯಲ್ಲಿ ಬೆಳೆದು, ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ ಈ ಅರಸ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಸಿಕ್ಕು, ಅದೇ ವರ್ಷ ಗುಂಡಿಗೆ ಬಲಿಯಾದ. 1657, 1757, 1857ರ ಸುತ್ತ ಮೂರು ಕಾದಂಬರಿ ಹೆಣೆದ ಟೇಲರ್ ಇವನನ್ನು ಯಾವುದರ ನಾಯಕನನ್ನಾಗಿಯೂ ಮಾಡಲಿಲ್ಲ. ಅವನ ಕಥೆ ಇರುವುದು, ಟೇಲರ್ ತೀರಿಕೊಂಡ ಮರುವರ್ಷ, 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ. ಅಲ್ಲಿ ಅಳತೆಗೋಲೂ ಇಲ್ಲ, ಕಟ್ಟುಕಥೆಯೂ ಇಲ್ಲ. ಮಗನಂತೆ ಸಾಕಿದವನನ್ನು ಸೆರೆಯಲ್ಲಿ ಕಂಡ ಮುದುಕನೊಬ್ಬನ ಮಾತಿದೆ.