ಕಡಿಮೆ ಓಡಿದ ಗಾಡಿಯೇ ಅನುಮಾನದ ಗಾಡಿ

ಹೋಂಡಾ ಕಂಪನಿ 2010ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ಸಿಆರ್-ಝಡ್ ಎಂಬ ಪುಟ್ಟ ಕೂಪೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಹೈಬ್ರಿಡ್ ಮೋಟಾರಿನ ಜೊತೆಗೆ ಆರು ಗೇರಿನ ಮ್ಯಾನ್ಯುಯಲ್ ಗೇರ್‌ಬಾಕ್ಸ್! ಅದಕ್ಕೆ ಮುಂಚೆ ಯಾರೂ ಕೂಡಿಸದಿದ್ದ ಜೋಡಿ ಅದು. ಆ ಸಾಲಿನ ಜಪಾನ್ ಕಾರ್ ಆಫ್ ದಿ ಇಯರ್ ಪ್ರಶಸ್ತಿಯೂ ಬಂತು. ಅಮೆರಿಕದಲ್ಲಿ 19,200 ಡಾಲರ್ ಆರಂಭಿಕ ಬೆಲೆಗೆ, ಹಿಂದಿನ ಸೀಟುಗಳನ್ನೇ ಕಿತ್ತು, ಇಬ್ಬರೇ ಕೂರುವ ಗಾಡಿಯಾಗಿ ಇಳಿಯಿತು. ಅಲ್ಲಿನ ವಿಮರ್ಶಕರು ಮಾತ್ರ ಕರಗಲಿಲ್ಲ. 122 ಅಶ್ವಶಕ್ತಿ ಸ್ಪೋರ್ಟ್ಸ್ ಕಾರಿಗೆ ಸಾಲದು, ಲೀಟರಿಗೆ ಹದಿನಾಲ್ಕೂವರೆ ಕಿಲೋಮೀಟರ್ ಹೈಬ್ರಿಡ್ಡಿಗೆ ಸಾಲದು ಎಂದರು. ಅದೇ ಕಾಲದ ಟೊಯೊಟಾ ಪ್ರಿಯಸ್ ಇಪ್ಪತ್ತೊಂದು ಕೊಡುತ್ತಿತ್ತು. 2016ರಲ್ಲಿ ಸಿಆರ್-ಝಡ್ ತಯಾರಿಕೆ ನಿಂತಿತು. ಭಾರತದಲ್ಲಿ ಅದು ಮಾರಾಟಕ್ಕೆ ಬರಲೇ ಇಲ್ಲ.

ಮಾರಾಟದಲ್ಲಿ ಸೋತ ಕಾರುಗಳಿಗೆ ಸೆಕೆಂಡ್ ಹ್ಯಾಂಡ್ ಸಂತೆಯಲ್ಲಿ ಬೇರೆಯದೇ ಯೋಗ ಇರುತ್ತದೆ. ಓದಲೆಂದೋ ಕೆಲಸಕ್ಕೆಂದೋ ಅಮೆರಿಕ ಸೇರಿದ ನಮ್ಮ ಹುಡುಗ ಹುಡುಗಿಯರಿಗೆ ಈ ಗಾಡಿ ಕಣ್ಣಿಗೆ ಬೀಳುವುದು ಸಹಜ. ನೋಡಲು ಚೂಪು, ಪೆಟ್ರೋಲು ಹೆಚ್ಚು ಕುಡಿಯುವುದಿಲ್ಲ, ದಾರಿಯಲ್ಲಿ ಎಲ್ಲರ ಹತ್ತಿರ ಇರುವುದೂ ಅಲ್ಲ. ಕೊಳ್ಳುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಬ್ಯಾಟರಿ ಕೈಕೊಟ್ಟರೆ?

ಉತ್ತರಕ್ಕೆ ಬಾನೆಟ್ಟಿನ ಒಳಗೆ ಸ್ವಲ್ಪ ಇಣುಕಬೇಕು. ಪ್ರಿಯಸ್‌ನಲ್ಲಿ ಮೋಟಾರೇ ಕಾರನ್ನು ಒಂದಿಷ್ಟು ದೂರ ಎಳೆದೊಯ್ಯಬಲ್ಲದು. ಸಿಆರ್-ಝಡ್‌ನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಬಿಲ್ಲೆಯಂಥ ತೆಳುವಾದ ಮೋಟಾರು ಕೂತಿದೆ. ಗಾಡಿ ಎಳೆಯುವ ಎತ್ತು ಎಂಜಿನ್ನೇ. ಮೋಟಾರು ಏರಿನಲ್ಲಿ ಹಿಂದಿನಿಂದ ಹೆಗಲು ಕೊಡುವ ಆಳು, ಅಷ್ಟೆ. ಆ 1.5 ಲೀಟರ್ ಎಂಜಿನ್ ಹೋಂಡಾ ಜಾಝ್ ಮನೆತನದ್ದು. ಅದರಲ್ಲಿ ಕಾಲಕಾಲಕ್ಕೆ ಬದಲಿಸಬೇಕಾದ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಎಣ್ಣೆ ಸರಿಯಾಗಿ ಬದಲಿಸಿದ್ದರೆ ತಕರಾರಿಲ್ಲದೆ ಓಡುವ ಜಾತಿ. ಹಾಗಾಗಿ ಎಂಜಿನ್ ಬಗ್ಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ.

ಬ್ಯಾಟರಿಯ ಕತೆಯಲ್ಲಿ ಎರಡು ತಲೆಮಾರುಗಳಿವೆ. 2012ರ ಮಾದರಿಯವರೆಗಿನ ಗಾಡಿಗಳಲ್ಲಿ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ, 100.8 ವೋಲ್ಟ್. 2013ರಿಂದ ಲೀಥಿಯಂ ಅಯಾನ್, 144 ವೋಲ್ಟ್. ಮೋಟಾರಿನ ಬಲ 13ರಿಂದ 20 ಅಶ್ವಶಕ್ತಿಗೆ, ಒಟ್ಟು ಬಲ 130ಕ್ಕೆ ಏರಿತು. ಹಳೆಯ ನಿಕಲ್ ಬ್ಯಾಟರಿಗೆ ಸುಮ್ಮನೆ ಕೂರುವುದು ಆಗಿಬರುವುದಿಲ್ಲ. ತಿಂಗಳುಗಟ್ಟಲೆ ನಿಂತರೆ ತಾನಾಗಿ ಚಾರ್ಜ್ ಇಳಿಯುತ್ತದೆ, ಅದೂ ಎಲ್ಲ ಸೆಲ್ಲುಗಳಲ್ಲಿ ಒಂದೇ ಸಮ ಇಳಿಯುವುದಿಲ್ಲ. ನಾಲ್ಕು ಸೆಲ್ಲು ಹಿಂದೆ ಬಿದ್ದರೆ ಇಡೀ ಬ್ಯಾಟರಿ ಕುಂಟುತ್ತದೆ. ನಮ್ಮೂರಿನಲ್ಲಿ ಹಳೆ ಕಾರು ಮಾರುವವರು ಹೆಮ್ಮೆಯಿಂದ ಹೇಳುವ ಮೊದಲ ಮಾತು ‘ಗಾಡಿ ಹೆಚ್ಚು ಓಡಿಲ್ಲ ಸಾರ್’. ಈ ಕಾರಿನ ಮಟ್ಟಿಗೆ ಆ ಮಾತು ಕೇಳಿದೊಡನೆ ಕಿವಿ ನಿಮಿರಬೇಕು. ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಮಲಗಿದ್ದ ನಲವತ್ತು ಸಾವಿರ ಮೈಲಿಯ ಗಾಡಿಗಿಂತ, ದಿನಾ ಆಫೀಸಿಗೆ ಹೋಗಿಬಂದ ಲಕ್ಷ ಮೈಲಿಯ ಗಾಡಿಯನ್ನು ನಾನು ಮೊದಲು ನೋಡುತ್ತೇನೆ.

ಗಾಡಿ ಯಾವ ಸೀಮೆಯಲ್ಲಿತ್ತು ಎಂಬುದನ್ನೂ ಕೇಳಬೇಕು. ಅರಿಜೋನಾ, ಟೆಕ್ಸಸ್‌ನ ಬಿಸಿಲು ಬ್ಯಾಟರಿಯನ್ನು ಬೇಗ ಮುದಿಯಾಗಿಸುತ್ತದೆ. ಮಿಷಿಗನ್, ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಗಾಡಿಯ ಹೊಟ್ಟೆಯನ್ನು ತುಕ್ಕು ಹಿಡಿಸುತ್ತದೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಬಿಸಿಲನ್ನೇ ಆರಿಸುತ್ತೇನೆ. ಬ್ಯಾಟರಿ ಬದಲಿಸಬಹುದು, ಕೊರೆದುಹೋದ ಚಾಸಿ ಬದಲಿಸಲಾಗದು.

ಟೆಸ್ಟ್ ಡ್ರೈವಿಗೆ ಬಡಾವಣೆಯ ಒಂದು ಸುತ್ತು ಸಾಲದು. ಉದ್ದನೆಯ ಏರು ಹುಡುಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಮೀಟರಿನಲ್ಲಿ ಬ್ಯಾಟರಿಯ ಗೆರೆಗಳನ್ನು ನೋಡುತ್ತಿರಿ. ಗೆರೆಗಳು ಒಂದೊಂದಾಗಿ ಇಳಿದು, ಇಳಿಜಾರಿನಲ್ಲಿ ಒಂದೊಂದಾಗಿ ಏರಿದರೆ ಬ್ಯಾಟರಿಗೆ ಇನ್ನೂ ಆಯುಸ್ಸಿದೆ. ಅರ್ಧ ತುಂಬಿದ್ದು ದಿಢೀರನೆ ಖಾಲಿಯಾದರೆ ಅಥವಾ ಎರಡೇ ನಿಮಿಷದಲ್ಲಿ ಪೂರ್ತಿ ತುಂಬಿಬಿಟ್ಟರೆ ಬ್ಯಾಟರಿಯ ತಾಕತ್ತು ಕುಗ್ಗಿದೆ ಎಂದು ತಿಳಿಯಿರಿ. ಎಂಜಿನ್ ಬಿಸಿಯಾದ ಮೇಲೂ ಸಿಗ್ನಲ್ಲಿನಲ್ಲಿ ತಾನಾಗಿ ಆಫ್ ಆಗದಿದ್ದರೆ ಅದೂ ಒಂದು ಸೂಚನೆ.

ಇಲ್ಲೊಂದು ಕೈಚಳಕವೂ ಉಂಟು. ಐಎಂಎ ಎಂಬ ಹೈಬ್ರಿಡ್ ವ್ಯವಸ್ಥೆಯ ಎಚ್ಚರಿಕೆ ದೀಪ ಉರಿಯುತ್ತಿರುವ ಗಾಡಿಯ ದೋಷಗಳನ್ನು ಸ್ಕ್ಯಾನರಿನಿಂದ ಅಳಿಸಿ, ಮಧ್ಯಾಹ್ನ ತೋರಿಸಿ, ಸಂಜೆ ಮಾರಿಬಿಡುವವರಿದ್ದಾರೆ. ನೀವೂ ಅಗ್ಗದ ಸ್ಕ್ಯಾನರ್ ಒಯ್ಯಿರಿ. ಪಿ0ಎ7ಎಫ್ ಎಂಬ ಕೋಡ್ ಕಂಡರೆ ಬ್ಯಾಟರಿ ಸವೆದಿದೆ ಎಂದೇ ಅರ್ಥ. ಯಾವ ಕೋಡೂ ಇಲ್ಲದಿದ್ದು, ಗಾಡಿಯ ಸ್ವಯಂ ತಪಾಸಣೆಗಳು ‘ಇನ್ನೂ ಮುಗಿದಿಲ್ಲ’ ಎಂದು ತೋರಿಸಿದರೆ, ಯಾರೋ ಇತ್ತೀಚೆಗೆ ಒರೆಸಿರಬಹುದು. ‘ಬ್ಯಾಟರಿ ಹೊಸದು ಹಾಕಿಸಿದ್ದೇನೆ’ ಎಂದರೆ ಬಿಲ್ಲು ಕೇಳಿ. ಹಳೆಯ ಪ್ಯಾಕಿನಲ್ಲಿ ಸತ್ತ ಸೆಲ್ಲುಗಳನ್ನಷ್ಟೇ ಬದಲಿಸಿ ‘ಹೊಸದು’ ಎನ್ನುವುದುಂಟು. ಅಂಥದ್ದರಲ್ಲಿ ಇಂದು ಒಂದು ಸೆಲ್ಲು, ನಾಳೆ ಅದರ ಪಕ್ಕದ್ದು.

ಇಷ್ಟೆಲ್ಲ ಬ್ಯಾಟರಿ ಪುರಾಣದ ನಡುವೆ ಜನ ಮರೆಯುವುದು ಏರ್‌ಬ್ಯಾಗನ್ನು. ಟಕಾಟ ಕಂಪನಿಯ ದೋಷಪೂರಿತ ಏರ್‌ಬ್ಯಾಗುಗಳು ಸಿಡಿದು, ಲೋಹದ ಚೂರುಗಳು ಹಾರಿ ಜನ ಸತ್ತಿದ್ದಾರೆ. ಅದಕ್ಕಾಗಿ ವಾಪಸ್ ಕರೆದ ಕಾರುಗಳ ಪಟ್ಟಿಯಲ್ಲಿ ಸಿಆರ್-ಝಡ್ ಕೂಡ ಇದೆ. ಬ್ಯಾಟರಿ ಹೋದರೆ ಜೇಬಿಗೆ ಪೆಟ್ಟು, ಇದು ಪ್ರಾಣದ ಮಾತು. 2011ರ ಮ್ಯಾನ್ಯುಯಲ್ ಗಾಡಿಗಳಿಗೆ ಇನ್ನೊಂದು ಕರೆಯೂ ಇತ್ತು: ಮೋಟಾರು ಹಾಕಿದ ಗೇರಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುವ ಸಾಧ್ಯತೆಯನ್ನು ಸಾಫ್ಟ್‌ವೇರ್ ಬದಲಿಸಿ ಸರಿಪಡಿಸಿದರು. ಗಾಡಿಯ 17 ಅಕ್ಷರದ ವಿಐಎನ್ ಸಂಖ್ಯೆಯನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಜಾಲತಾಣದಲ್ಲಿ ಹಾಕಿದರೆ ಬಾಕಿ ಉಳಿದ ಕರೆಗಳು ತಿಳಿಯುತ್ತವೆ. ಡೀಲರ್ ಬಳಿ ಈ ರಿಪೇರಿಗೆ ದುಡ್ಡು ಕೊಡಬೇಕಿಲ್ಲ.

ಹೈಬ್ರಿಡ್ ಬ್ಯಾಟರಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಇದ್ದದ್ದು ಎಂಟು ವರ್ಷದ ವಾರಂಟಿ. ಕೊನೆಯ ಗಾಡಿ ತಯಾರಾಗಿಯೇ ಅದಕ್ಕಿಂತ ಹೆಚ್ಚು ಕಾಲವಾಗಿದೆ. ಆದ್ದರಿಂದ ಚೌಕಾಸಿ ಮಾಡುವಾಗ ಹೊಸ ಬ್ಯಾಟರಿಯ ಖರ್ಚನ್ನು ಮೊದಲೇ ಕಳೆದು ಬೆಲೆ ಹೇಳಿ. ಮಾರುವವನ ಮುಖ ಸಣ್ಣಗಾದರೂ ಪರವಾಗಿಲ್ಲ. 2025ರಲ್ಲಿ ಹೋಂಡಾ ಪ್ರೆಲ್ಯೂಡ್ ಎಂಬ ಹಳೆಯ ಹೆಸರಿನಲ್ಲಿ ಮತ್ತೊಂದು ಹೈಬ್ರಿಡ್ ಕೂಪೆ ತಂದಿತು. ಬಲ ಹೆಚ್ಚು, ಬೆಲೆಯೂ ಹೆಚ್ಚು, ಮ್ಯಾನ್ಯುಯಲ್ ಗೇರು ಮಾತ್ರ ಇಲ್ಲ. ಕ್ಲಚ್ ತುಳಿಯುವ ಖುಷಿ ಬೇಕೆನ್ನುವವರು 2013ರಿಂದೀಚೆಗಿನ, ಮೂಲ ಸ್ಥಿತಿಯಲ್ಲೇ ಇರುವ, ದಿನಾ ಓಡುತ್ತಿರುವ ಸಿಆರ್-ಝಡ್ ಹುಡುಕಲಿ. ಸಿಗುವುದು ತಡವಾಗಬಹುದು.