ಗ್ರಹಾಂತರವಸತಿಯ ಕಥೆಗಳೂ ವಿಜಯನಗರದ ನೆಲವೂ

ಮನುಷ್ಯರು ಭೂಮಿಯನ್ನು ಬಿಟ್ಟು ಬೇರೊಂದು ಗ್ರಹಕ್ಕೆ ಹೋಗಿ, ಅಲ್ಲಿಯ ಗಾಳಿ ನೀರು ಮಣ್ಣುಗಳನ್ನು ತಮ್ಮ ಬಾಳಿಗೆ ಒಗ್ಗುವಂತೆ ಮಾರ್ಪಡಿಸಿಕೊಂಡು ನೆಲೆಸುವ ಕಥೆಗಳು ಇಪ್ಪತ್ತನೆಯ ಶತಮಾನದ ವಿಜ್ಞಾನಕಥಾಸಾಹಿತ್ಯದಲ್ಲಿ ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆದಿವೆ. ಈ ಕಾರ್ಯಕ್ಕೆ ಇಂಗ್ಲಿಷಿನಲ್ಲಿ ‘ಟೆರಾಫಾರ್ಮಿಂಗ್’ ಎಂಬ ಹೆಸರು ರೂಢಿಯಾಗಿದೆ. ಅಮೆರಿಕದ ಕಥೆಗಾರ ಜ್ಯಾಕ್ ವಿಲಿಯಮ್ಸನ್ 1942ರಲ್ಲಿ ಪ್ರಕಟಿಸಿದ ‘ಕೊಲಿಷನ್ ಆರ್ಬಿಟ್’ ಎಂಬ ಕಥೆಯಲ್ಲಿ ಈ ಶಬ್ದವನ್ನು ಹುಟ್ಟಿಸಿದನು. ಲ್ಯಾಟಿನ್ ಭಾಷೆಯಲ್ಲಿ ‘ಟೆರಾ’ ಎಂದರೆ ಭೂಮಿ. ಕನ್ನಡದಲ್ಲಿ ಇದನ್ನು ‘ಭೂಸದೃಶೀಕರಣ’ ಎಂದು ಕರೆಯಬಹುದು. ಹೆಸರು ಹೊಸದಾದರೂ ಭಾವನೆ ಕನ್ನಡಕ್ಕೆ ಹೊಸದಲ್ಲ. ಕಾಡು ಕಡಿದು ನಾಡು ಮಾಡಿದವರನ್ನೂ ಕೆರೆ ಕಟ್ಟಿ ಊರು ನಿಲ್ಲಿಸಿದವರನ್ನೂ ಶಾಸನಗಳು ಹೊಗಳುತ್ತಲೇ ಬಂದಿವೆ.

ರಾಜಶೇಖರ ಭೂಸನೂರಮಠ ಮೊದಲಾದ ಲೇಖಕರು ಕನ್ನಡದಲ್ಲಿ ವಿಜ್ಞಾನಕಥೆಗೆ ಎಡೆ ಮಾಡಿಕೊಟ್ಟಿದ್ದರೂ, ಗ್ರಹಾಂತರವಸತಿಯ ಕಥೆಗಳನ್ನು ಪರದೇಶದ ಕಲ್ಪನಾವಿಲಾಸವೆಂದು ಬದಿಗಿರಿಸುವುದುಂಟು. ಇದು ಸರಿಯಲ್ಲ. ಈ ಕಥೆಗಳು ಎತ್ತುವ ಪ್ರಶ್ನೆಗಳು ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಸುತ್ತಲಿನ ನೆಲದಲ್ಲಿ ಇತಿಹಾಸವಾಗಿಯೇ ನಡೆದುಹೋಗಿವೆ. ಈ ಸಾಹಿತ್ಯದ ಬೆಲೆಗಟ್ಟಲು ಆ ನೆಲವೇ ಒಂದು ಒರೆಗಲ್ಲಾಗಿದೆ.

ಮೊದಲು ಗಾಳಿಯ ವಿಷಯ. ಮಂಗಳಗ್ರಹದ ವಾಯುಮಂಡಲದ ಒತ್ತಡವು ಭೂಮಿಯದರ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದರಲ್ಲಿ ಬಹುಭಾಗ ಇಂಗಾಲದ ಡೈಆಕ್ಸೈಡು. ಉಸಿರಾಡಬಲ್ಲ ಗಾಳಿಯನ್ನು ಹುಟ್ಟಿಸುವುದೇ ಆದುದರಿಂದ ಕಥೆಗಾರನ ಮೊದಲ ತೊಡಕು. ಆದರೆ ಗ್ರಹವೊಂದರ ಗಾಳಿಯನ್ನು ಜೀವಿಗಳು ಬದಲಾಯಿಸಿದ ನಿದರ್ಶನ ಒಂದು ಉಂಟು. ಆ ಗ್ರಹವು ಭೂಮಿಯೇ. ಸಂಡೂರಿನ ಬೆಟ್ಟಸಾಲಿನ ಶಿಲೆಗಳು ಸುಮಾರು 270 ಕೋಟಿ ವರ್ಷಗಳಷ್ಟು ಹಳೆಯವು. ಅಲ್ಲಿ ಕಬ್ಬಿಣದ ಅದಿರಿನ ಪಟ್ಟೆಶಿಲೆಗಳೂ, ಸೂಕ್ಷ್ಮಜೀವಿಗಳ ಹಾಸುಗಳು ಪದರಪದರವಾಗಿ ಕಲ್ಲಾಗಿ ಉಳಿದ ಸ್ಟ್ರೊಮ್ಯಾಟೊಲೈಟುಗಳೂ ದೊರೆತಿವೆ. ಅಂದಿನ ಸಮುದ್ರದ ನೀರಿನಲ್ಲಿ ಕಬ್ಬಿಣವು ಕರಗಿತ್ತು. ಬಿಸಿಲನ್ನು ಉಂಡು ಬದುಕುವ ಸೂಕ್ಷ್ಮಜೀವಿಗಳು ಬಿಟ್ಟ ಆಮ್ಲಜನಕವು ಅದರೊಡನೆ ಕೂಡಲು ಅದು ತಳಕ್ಕೆ ಇಳಿಯಿತು. ಇಂಥ ಶಿಲೆಗಳ ಹುಟ್ಟಿಗೆ ವಿಜ್ಞಾನಿಗಳು ಸಾಮಾನ್ಯವಾಗಿ ಕೊಡುವ ವಿವರಣೆಗಳಲ್ಲಿ ಇದು ಮುಖ್ಯವಾದುದು. ಹೀಗೆ ಕಬ್ಬಿಣವು ಕುಡಿದು ಮಿಕ್ಕ ಆಮ್ಲಜನಕವು ವಾಯುಮಂಡಲವನ್ನು ತುಂಬತೊಡಗಿದುದು ಸುಮಾರು 240 ಕೋಟಿ ವರ್ಷಗಳ ಹಿಂದೆ.

ಕಾರ್ಲ್ ಸೇಗನ್ 1961ರಲ್ಲಿ ಶುಕ್ರಗ್ರಹದ ಮೋಡಗಳಲ್ಲಿ ಪಾಚಿಯನ್ನು ಬಿತ್ತಿ ಅಲ್ಲಿಯ ಗಾಳಿಯನ್ನು ಮಾರ್ಪಡಿಸಬಹುದೆಂದು ಸೂಚಿಸಿದಾಗ, ಈ ಪುರಾತನ ಕಾರ್ಯವನ್ನೇ ಬೇಗನೆ ಮತ್ತೊಮ್ಮೆ ನಡೆಸುವ ಯೋಚನೆ ಅದಾಗಿತ್ತು. ಕಥೆಗಾರರು ಕೆಲವು ತಲೆಮಾರುಗಳಲ್ಲಿ ಮುಗಿಸುವ ಕೆಲಸಕ್ಕೆ ಪ್ರಕೃತಿಯು ಕೋಟ್ಯಂತರ ವರ್ಷಗಳನ್ನು ತೆಗೆದುಕೊಂಡಿತು. 2021ರಿಂದ 2023ರ ವರೆಗೆ ಮಂಗಳದ ಮೇಲೆ ಒಂದು ಯಂತ್ರವು ಹದಿನಾರು ಬಾರಿ ನಡೆದು ಹುಟ್ಟಿಸಿದ ಆಮ್ಲಜನಕವು ಒಟ್ಟು 122 ಗ್ರಾಂ ಮಾತ್ರ. ಮಂಗಳವನ್ನು ಬೆಚ್ಚಗಾಗಿಸಲು ಬೇಕಾದಷ್ಟು ಇಂಗಾಲದ ಡೈಆಕ್ಸೈಡು ಅಲ್ಲಿ ಕೈಗೆಟುಕುವಂತಿಲ್ಲವೆಂದು ಜಾಕೊಸ್ಕಿ ಮತ್ತು ಎಡ್ವರ್ಡ್ಸ್ 2018ರಲ್ಲಿ ತೋರಿಸಿದರು. ಸಂಡೂರಿನ ಮಣ್ಣಿಗೂ ಮಂಗಳದ ಮೈಗೂ ಕೆಂಪು ಬಂದಿರುವುದು ಕಬ್ಬಿಣದ ಆಕ್ಸೈಡುಗಳಿಂದಲೇ. ಆದರೆ ಬಣ್ಣ ಒಂದಾದ ಮಾತ್ರಕ್ಕೆ ಚರಿತ್ರೆ ಒಂದಾಗದು.

ಎರಡನೆಯದು ನೀರು. ಇಟಲಿಯ ಸ್ಕಿಯಾಪರೆಲ್ಲಿ 1877ರಲ್ಲಿ ಮಂಗಳದ ಮೇಲೆ ಗೆರೆಗಳನ್ನು ಕಂಡೆನೆಂದು ಹೇಳಿದ ಬಳಿಕ, ಅವು ಧ್ರುವಗಳ ನೀರನ್ನು ಒಣನೆಲಕ್ಕೆ ಒಯ್ಯಲು ಅಲ್ಲಿಯ ನಿವಾಸಿಗಳು ತೋಡಿದ ಕಾಲುವೆಗಳೆಂದು ಅಮೆರಿಕದ ಲೋವೆಲ್ ವಾದಿಸಿದನು. 1965ರಲ್ಲಿ ಮ್ಯಾರಿನರ್ 4 ನೌಕೆ ಕಳುಹಿಸಿದ ಚಿತ್ರಗಳಲ್ಲಿ ಕಾಲುವೆಗಳು ಇರಲಿಲ್ಲ. ಆದರೆ ಲೋವೆಲ್ಲನ ಕಲ್ಪನೆಯಲ್ಲಿದ್ದುದು ತುಂಗಭದ್ರೆಯ ತೀರದಲ್ಲಿ ನಿಜವಾಗಿಯೂ ಉಂಟು. ಹಂಪೆಯದು ಬಂಡೆಗಳ ನಾಡು, ಮಳೆ ಕಡಿಮೆ; ಹೊಳೆ ಬಳಿಯಲ್ಲೇ ಹರಿದರೂ ನೆಲಕ್ಕಿಂತ ತಗ್ಗಿನಲ್ಲಿ ಹರಿಯುತ್ತದೆ. ಆದಕಾರಣ ಮೇಲ್ಗಡೆ ಹೊಳೆಗೆ ಅಣೆ ಕಟ್ಟಿ, ನೀರು ತಾನಾಗಿ ಇಳಿದು ಬರುವಂತೆ ಬಂಡೆಗಳ ನಡುವೆ ಕಾಲುವೆ ತೆಗೆಯಬೇಕಾಯಿತು. ತುರ್ತು ಕಾಲುವೆ, ರಾಯ ಕಾಲುವೆ, ಬಸವಣ್ಣ ಕಾಲುವೆ, ಕಂಪ್ಲಿ ಕಾಲುವೆ ಮುಂತಾದವು ಹೀಗೆ ಆದವು. ಕಮಲಾಪುರದ ಕೆರೆ, ಕಂಪ್ಲಿಯ ಗದ್ದೆಗಳು, ಹಂಪೆಯ ಬಾಳೆತೋಟಗಳು ಇಂಥ ನೀರಿನ ಮಕ್ಕಳು.

ಮೂರನೆಯದು ಇದಕ್ಕೆ ತೆತ್ತ ಬೆಲೆ. ಕೃಷ್ಣದೇವರಾಯನು ನಾಗಲಾಪುರವನ್ನು, ಎಂದರೆ ಇಂದಿನ ಹೊಸಪೇಟೆಯನ್ನು, ಕಟ್ಟಿಸುವಾಗ ಸಂಡೂರಿನ ಬೆಟ್ಟಸಾಲಿನ ಬಾಯಲ್ಲಿ ಒಂದು ದೊಡ್ಡ ಕೆರೆಯನ್ನೂ ಕಟ್ಟಿಸಿದನು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಆ ಕೆಲಸವನ್ನು ಕಣ್ಣಾರೆ ಕಂಡವನು. ಅಲ್ಲಿ ಹದಿನೈದು ಇಪ್ಪತ್ತು ಸಾವಿರ ಜನರು ದುಡಿಯುತ್ತಿದ್ದರೆಂದು ಬರೆದಿದ್ದಾನೆ. ಏರಿಯು ಎರಡು ಮೂರು ಬಾರಿ ಒಡೆಯಲು, ಅರುವತ್ತು ಮಂದಿ ಮನುಷ್ಯರನ್ನೂ ಕುದುರೆ ಕೋಣಗಳನ್ನೂ ಬಲಿ ಕೊಡಲಾಯಿತೆಂದು ಅವನ ಹೇಳಿಕೆ. ಅನಂತರ ಬಂದ ನೂನಿಜನು ಮರಣಕ್ಕೆ ಅರ್ಹರಾದ ಸೆರೆಯಾಳುಗಳ ತಲೆ ಹೊಡೆಯಲಾಯಿತೆಂದೂ, ಜೊವಾವೊ ಡೆ ಲಾ ಪೊಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದವನು ಅಲ್ಲಿದ್ದನೆಂದೂ ಹೇಳುತ್ತಾನೆ. ಇಬ್ಬರ ವಿವರಗಳು ಒಂದೇ ಆಗಿಲ್ಲವಾದರೂ ನೀರಿಗೆ ರಕ್ತವನ್ನು ತೆತ್ತ ಮಾತು ಎರಡರಲ್ಲಿಯೂ ಇದೆ. ‘ಕೆರೆಗೆ ಹಾರ’ ಎಂಬ ಜನಪದಕಥನಗೀತೆಯನ್ನು ಪಾಠ ಹೇಳುವ ಅಧ್ಯಾಪಕರಿಗೆ ಇದು ಅಪರಿಚಿತವಾದ ಭಾವವಲ್ಲ.

ಇದರೊಡನೆ ಸ್ಟೇಪಲ್ಡನ್ನನ 1930ರ ‘ಲಾಸ್ಟ್ ಅಂಡ್ ಫಸ್ಟ್ ಮೆನ್’ ಗ್ರಂಥವನ್ನು ಹೋಲಿಸಬಹುದು. ಅಲ್ಲಿ ಮಾನವರು ಶುಕ್ರಗ್ರಹದ ಸಮುದ್ರದ ನೀರನ್ನು ವಿದ್ಯುತ್ತಿನಿಂದ ಒಡೆದು ಆಮ್ಲಜನಕವನ್ನು ಪಡೆಯುವರು. ಅದರಿಂದ ಅಲ್ಲಿಯ ಮೂಲಜೀವಿಗಳು ನಾಶವಾಗುವರು. ಬೆಲೆಯನ್ನು ಮುಚ್ಚಿಡದೆ ಲೆಕ್ಕದಲ್ಲಿ ಬರೆದುದರಿಂದಲೇ ಆ ಗ್ರಂಥವು ಬರಿಯ ಸಾಹಸಕಥೆಗಳಿಗಿಂತ ಮೇಲಾಗಿದೆ.

ಮಾರ್ಪಟ್ಟ ನೆಲದಲ್ಲಿ ಒಕ್ಕಲನ್ನು ಕೂರಿಸುವುದೂ ಸುಲಭವಲ್ಲ. ಕೆರೆಯ ಕೆಳಗಿನ ಹೊಲಗಳನ್ನು ಹದ ಮಾಡಿಕೊಳ್ಳುವವರಿಗೆ ರಾಯನು ಒಂಬತ್ತು ವರ್ಷ ಕಂದಾಯವಿಲ್ಲದೆ ಭೂಮಿಯನ್ನು ಬಿಟ್ಟನೆಂದು ನೂನಿಜನು ತಿಳಿಸುತ್ತಾನೆ. ಬಂಜರು ಹೊಲವಾಗಲು ಹಲವು ಬೆಳೆಗಳ ಕಾಲ ಬೇಕೆಂಬುದನ್ನು ಆ ಆಜ್ಞೆ ಅರಿತಿತ್ತು. ಹೈನ್‌ಲೈನನ 1950ರ ‘ಫಾರ್ಮರ್ ಇನ್ ದಿ ಸ್ಕೈ’ ಕಾದಂಬರಿಯ ಸತ್ತ್ವವೂ ಇದೇ. ಅಲ್ಲಿ ಗುರುಗ್ರಹದ ಉಪಗ್ರಹವಾದ ಗ್ಯಾನಿಮೀಡಿನಲ್ಲಿ ಬಂಡೆಯನ್ನು ಪುಡಿ ಮಾಡಿ, ನೆರೆಯವರಿಂದ ಜೀವವುಳ್ಳ ಮಣ್ಣನ್ನು ತಂದು ಬೆರೆಸಿ, ಹೊಲವನ್ನು ಅಂಗೈ ಅಂಗೈಯಾಗಿ ಹುಟ್ಟಿಸುವರು.

ಇಪ್ಪತ್ತನೆಯ ಶತಮಾನದಲ್ಲಿ ಈ ನೆಲವು ಇನ್ನೊಮ್ಮೆ ರೂಪಾಂತರಗೊಂಡಿತು. ಮದರಾಸು ಮತ್ತು ಹೈದರಾಬಾದು ಸರ್ಕಾರಗಳು ಕೂಡಿ 1945ರಲ್ಲಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ಕೊಟ್ಟಿತು. ಲಕ್ಷಾಂತರ ಎಕರೆ ಒಣಭೂಮಿ ಹಸುರಾಯಿತು. ಸುಮಾರು 90 ಹಳ್ಳಿಗಳು ನೀರಿನ ಪಾಲಾದವು. ಐವತ್ತು ಸಾವಿರಕ್ಕೂ ಮಿಕ್ಕ ಜನ ಮನೆಮಠ ಬಿಟ್ಟರು. ನಾರಾಯಣದೇವರಕೆರೆಯಂಥ ಹಳೆಯ ಊರು ಮುಳುಗಿ, ಅಲ್ಲಿಯವರು ಮರಿಯಮ್ಮನಹಳ್ಳಿ ಮುಂತಾದ ಕಡೆ ಬದುಕು ಕಟ್ಟಿಕೊಂಡರು. ಒಬ್ಬರಿಗೆ ಹೊಸ ಲೋಕವಾದುದು ಇನ್ನೊಬ್ಬರಿಗೆ ಕಳೆದ ಊರು. ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ 1992ರಿಂದ 1996ರ ವರೆಗೆ ಪ್ರಕಟಿಸಿದ ಮಂಗಳದ ಮೂರು ಕಾದಂಬರಿಗಳಲ್ಲಿ ಈ ವಿವಾದವೇ ಮುಖ್ಯ. ಅಲ್ಲಿ ಗ್ರಹವನ್ನು ಹಸುರು ಮಾಡಬೇಕೆನ್ನುವ ಸ್ಯಾಕ್ಸ್ ರಸೆಲ್‌ನಿಗೂ, ಕೆಂಪುನೆಲವನ್ನು ಇದ್ದಂತೆಯೇ ಬಿಡಬೇಕೆನ್ನುವ ಭೂವಿಜ್ಞಾನಿ ಆ್ಯನ್ ಕ್ಲೇಬೋರ್ನಳಿಗೂ ವಾದ ನಡೆಯುತ್ತದೆ. ಆದರೆ ಕಾದಂಬರಿಯ ಮಂಗಳದಲ್ಲಿ ಮುಳುಗಲು ಹಳೆಯ ಊರುಗಳಿಲ್ಲ. ತುಂಗಭದ್ರೆಯ ತೀರದಲ್ಲಿ ಇದ್ದವು. ನಿರ್ಜನಗ್ರಹವೆಂಬ ಕಲ್ಪನೆಯು ಕಥೆಗಾರನಿಗೆ ಎಷ್ಟು ದೊಡ್ಡ ಸೌಕರ್ಯವೆಂಬುದು ಇದರಿಂದ ತಿಳಿಯುವುದು. ಸಂಡೂರಿನಲ್ಲಾದರೋ ಗಣಿಗಾರಿಕೆಯು ಬೆಟ್ಟಗಳ ಆಕಾರವನ್ನೇ ಕೆಡಿಸಿತು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಬೇಕಾಯಿತು. ನೆಲವನ್ನು ಮಾರ್ಪಡಿಸುವ ಶಕ್ತಿಯು ಕಟ್ಟುವ ಕಡೆಗೇ ನಡೆಯುವುದೆಂಬ ನಿಯಮವಿಲ್ಲ.

ಕಡೆಯದಾಗಿ, ಬಹುಮಟ್ಟಿನ ಕಥೆಗಳು ಮರೆಯುವ ಸಂಗತಿ ಒಂದಿದೆ: ಮಾರ್ಪಟ್ಟ ನೆಲವು ಎಂದಿಗೂ ಮುಗಿದ ಕೆಲಸವಲ್ಲ. ಬ್ರ್ಯಾಡ್‌ಬರಿಯ 1950ರ ‘ದಿ ಮಾರ್ಷಿಯನ್ ಕ್ರಾನಿಕಲ್ಸ್’ ಗ್ರಂಥದ ಒಂದು ಕಥೆಯಲ್ಲಿ ಮಂಗಳದಲ್ಲಿ ನೆಟ್ಟ ಬೀಜಗಳು ಒಂದೇ ಇರುಳಿನ ಮಳೆಗೆ ಮರಗಳಾಗುವುವು. ಮರುದಿನದ ಆರೈಕೆಯ ಮಾತು ಅಲ್ಲಿಲ್ಲ. ಹೈನ್‌ಲೈನನ ಗ್ಯಾನಿಮೀಡಿನಲ್ಲಿ ನೆಲ ನಡುಗಿ, ಶಾಖವನ್ನು ಹಿಡಿದಿಡುವ ಯಂತ್ರ ನಿಂತುಹೋಗಲು ಬಹುಮಂದಿ ಚಳಿಯಲ್ಲಿ ಸಾಯುವರು. ಇದೇ ಹೆಚ್ಚು ನಿಜವಾದ ಚಿತ್ರ. ತುಂಗಭದ್ರಾ ಜಲಾಶಯದ ಧಾರಣಶಕ್ತಿ ಮೊದಲು 133 ಟಿ.ಎಂ.ಸಿ. ಇದ್ದುದು, ಹೂಳು ತುಂಬಿ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 33 ತೂಬುಬಾಗಿಲುಗಳಲ್ಲಿ 19ನೆಯದರ ಸರಪಳಿ ಹರಿದು ಬಾಗಿಲು ಕೊಚ್ಚಿಹೋಯಿತು. ಹರಿಯುವ ನೀರಿಗೆ ತಡೆಹಲಗೆಗಳನ್ನು ಇಳಿಸಿ ಒಂದು ವಾರದಲ್ಲಿ ಅದನ್ನು ಮುಚ್ಚಿದರು.

ಪ್ರಾಚೀನರು ಇದನ್ನು ಬಲ್ಲವರಾಗಿದ್ದರು. ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಇಂದಿನ ಆಂಧ್ರದ ಪೋರುಮಾಮಿಳ್ಳದಲ್ಲಿ ಬರೆಸಿದ ಸಂಸ್ಕೃತಶಾಸನವು ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು, ಸವುಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು, ನೀರು ಕಡಿಮೆಯಾಗಿ ಹೊಲ ಹೆಚ್ಚಾಗಿರುವುದು ಇವೆಲ್ಲ ಅಲ್ಲಿ ದೋಷಗಳು. ಗ್ರಹಾಂತರವಸತಿಯ ಯಾವ ಕಾದಂಬರಿಯನ್ನಾದರೂ ಈ ಪಟ್ಟಿಯ ಎದುರಿಗೆ ಇಟ್ಟು ಪರೀಕ್ಷಿಸಬಹುದು.

1565ರಲ್ಲಿ ರಾಜಧಾನಿ ಹಾಳಾಯಿತು. ಅರಮನೆಗಳ ಅಡಿಪಾಯ ಮಾತ್ರ ಉಳಿಯಿತು. ತುರ್ತು ಕಾಲುವೆಯ ನೀರಾದರೋ ಇಂದಿಗೂ ಬಾಳೆ ಕಬ್ಬುಗಳಿಗೆ ಹರಿಯುತ್ತಿದೆ. ಅರಸರು ಹೋದ ಮೇಲೆಯೂ ಪ್ರತಿವರ್ಷ ಹೂಳು ತೆಗೆಯುವ ಕೈಗಳು ಅಲ್ಲಿ ಉಳಿದುದೇ ಇದಕ್ಕೆ ಕಾರಣ. ಗ್ರಹವನ್ನು ಗೆದ್ದವನ ಕಥೆ ಬರೆಯುವುದು ಸುಲಭ. ಕಾಲುವೆಯನ್ನು ಕಾಯುವವನ ಕಥೆಯಲ್ಲಿಯೇ ಈ ಸಾಹಿತ್ಯದ ನಿಜವಾದ ಪರೀಕ್ಷೆಯಿದೆ.