ಕಾಗದದ ಒಡೆತನ, ಕೈಯ ಬಲ



ನಮ್ಮ ಶಾಲೆಯ ಗಣಕಯಂತ್ರದ ಕೋಣೆಗೆ ಬಂದ ಪಾಲಕರೊಬ್ಬರು ಒಮ್ಮೆ ನಮ್ಮನ್ನು ಕೇಳಿದರು: "ಸರ, ಹುಡುಗರು ಕನ್ನಡ ಬರಿಯೋ ಈ ಲಿಬ್ರೆಆಫೀಸಿಗೆ ರೊಕ್ಕಾ ಕೊಡೂದಿಲ್ಲ ಅಂತೀರಿ. ಹಂಗಾದ್ರ ಇದರ ಮಾಲಕರು ಯಾರ್ರೀ?" ಪ್ರಶ್ನೆ ಸಣ್ಣದು, ಉತ್ತರ ಸಣ್ಣದಲ್ಲ.

ಮುಕ್ತ ತಂತ್ರಾಂಶವೆಂದರೆ ಸೋರ್ಸ್ ಕೋಡ್ ಎನ್ನುವ ಅದರ ಮೂಲ ಬರಹ ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಅದನ್ನು ಓದಬಹುದು, ತಿದ್ದಬಹುದು, ಹಂಚಬಹುದು ಎಂದು ಪರವಾನಗಿ ಪತ್ರದಲ್ಲಿಯೇ ಬರೆದಿರುತ್ತದೆ. ಹಾಗೆಂದು ಅದು ವಾರಸುದಾರರಿಲ್ಲದ ಆಸ್ತಿಯಲ್ಲ. ಬರಹದ ಹಕ್ಕು ಬರೆದವರದು ಅಥವಾ ಒಂದು ಕಂಪನಿಯದು ಆಗಿರುತ್ತದೆ; ಹೆಸರು ಒಂದು ಸಂಸ್ಥೆಯ ನೋಂದಾಯಿತ ಗುರುತಾಗಿರುತ್ತದೆ. ಇದು ಕಾಯ್ದೆಯ ಅಧಿಕಾರ. ಆದರೆ ದಿನನಿತ್ಯ ತಪ್ಪು ತಿದ್ದುವವರು, ಹೊಸತನ್ನು ಸೇರಿಸುವವರು ಬೇರೆಯೇ ಇರಬಹುದು. ಅದು ಕೆಲಸದ ಬಲ.

ಸೊಲ್ಲಾಪುರದವರಾದ ನಮಗೆ ಈ ಭೇದ ಹೊಸದಲ್ಲ. ಸಂಕ್ರಾಂತಿಗೆ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ. ವ್ಯವಸ್ಥೆಯನ್ನು ನೋಡಿಕೊಳ್ಳುವವರು ಹಿರಿಯರು. ಆದರೆ ಜನಜಂಗುಳಿಯ ನಡುವೆ ಆ ಎತ್ತರದ ಕೋಲನ್ನು ನೆಟ್ಟಗೆ ಹಿಡಿದು ನಡೆಯುವುದು ಅಭ್ಯಾಸವಾದ ಕೈಗಳಿಂದಲೇ ಸಾಧ್ಯ. ಆ ಕಸುವು ಅಪ್ಪಣೆಯಿಂದ ಬರುವುದಿಲ್ಲ.

ಇನ್ನು ಲಿಬ್ರೆಆಫೀಸಿನ ಕಥೆಗೆ ಬರೋಣ. ಸನ್ ಎಂಬ ಅಮೆರಿಕದ ಕಂಪನಿ 2000ದಲ್ಲಿ ಓಪನ್‌ಆಫೀಸ್ ಎಂಬ ತಂತ್ರಾಂಶದ ಮೂಲ ಬರಹವನ್ನು ಎಲ್ಲರಿಗೂ ತೆರೆದಿಟ್ಟಿತು. ಆದರೆ ಅದರಲ್ಲಿ ದುಡಿಯುವವರು ತಮ್ಮ ಬರಹದ ಹಕ್ಕಿನಲ್ಲಿ ಕಂಪನಿಗೂ ಪಾಲು ಬರೆದುಕೊಡಬೇಕಾಗಿತ್ತು. 2010ರಲ್ಲಿ ಒರಾಕಲ್ ಕಂಪನಿ ಸನ್ ಅನ್ನು ಕೊಂಡಿತು. ಹೆಸರು, ಹಕ್ಕು ಎಲ್ಲವೂ ಒರಾಕಲ್ ಪಾಲಾದವು. ಮುಂದೆ ಏನಾಗುವುದೋ ಎಂಬ ಆತಂಕದಿಂದ ದುಡಿಯುತ್ತಿದ್ದವರಲ್ಲಿ ಅನೇಕರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊರಬಂದು, ಮೂಲ ಬರಹದ ಪ್ರತಿಯನ್ನು ತೆಗೆದುಕೊಂಡು, ಲಿಬ್ರೆಆಫೀಸನ್ನು ಆರಂಭಿಸಿದರು. 2011ರಲ್ಲಿ ಒರಾಕಲ್ ತನ್ನ ಓಪನ್‌ಆಫೀಸನ್ನು ಅಪಾಚೆ ಎಂಬ ಸಂಸ್ಥೆಗೆ ಒಪ್ಪಿಸಿಬಿಟ್ಟಿತು. ಕಾಗದ ಕಂಪನಿಯ ಪೆಟ್ಟಿಗೆಯಲ್ಲಿತ್ತು, ಕೆಲಸಗಾರರು ಹೊರಟು ಹೋಗಿದ್ದರು.

ಹಾಗಾದರೆ ಕಾಯ್ದೆಗೆ ಬೆಲೆಯೇ ಇಲ್ಲವೇ? ಇದೆ. ಅವರು ಹೊರಬರಲು ಸಾಧ್ಯವಾದದ್ದೇ ಪರವಾನಗಿ ಪತ್ರದ ಬಲದಿಂದ, ಅದೂ ಕಾಯ್ದೆಯೇ. ಹಳೆಯ ಹೆಸರನ್ನು ಮಾತ್ರ ಒಯ್ಯಲಾಗಲಿಲ್ಲ, ಹೊಸ ಹೆಸರನ್ನು ಹುಡುಕಬೇಕಾಯಿತು. ಮುಂದೆ ಅವರೇ 2012ರಲ್ಲಿ ಬರ್ಲಿನ್ನಿನಲ್ಲಿ ಜರ್ಮನಿಯ ಕಾಯ್ದೆಯಂತೆ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ಕೈಬಲವಿದ್ದವರಿಗೂ ಕಾಗದ ಬೇಕಾಯಿತು.

ಕೈಬಲವೊಂದೇ ಸಾಲದೆಂಬುದಕ್ಕೆ 2024ರ ಘಟನೆಯೊಂದು ಸಾಕ್ಷಿ. ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವನ್ನು ದಣಿದ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಸಹಾಯಕನಂತೆ ಬಂದ ಅಪರಿಚಿತನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದು, ವಿಶ್ವಾಸ ಗಳಿಸಿ, ಕೊನೆಗೆ ಅದರಲ್ಲಿ ಕಳ್ಳದಾರಿಯನ್ನು ಅಡಗಿಸಿಟ್ಟ. ತನ್ನ ಯಂತ್ರ ಅರ್ಧ ಸೆಕೆಂಡ್ ತಡಮಾಡುತ್ತಿದೆಯೆಂದು ಗಮನಿಸಿದ ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರ್ ಅದನ್ನು ಬಯಲಿಗೆಳೆದ. ಮೂಲ ಬರಹ ತೆರೆದಿದ್ದುದರಿಂದಲೇ ಹುಡುಕಲು ಸಾಧ್ಯವಾಯಿತು. ಆದರೆ ತೆರೆದ ಬಾಗಿಲಿಗೂ ಕಾವಲುಗಾರ ಬೇಕು; ಆ ಕಾವಲಿನ ಭಾರವನ್ನು ಒಬ್ಬನ ಹೆಗಲಿಗೇ ಬಿಡಬಾರದು.

ಮಕ್ಕಳೇ, ಇದರಲ್ಲಿ ನಮಗೇನು ಎನ್ನಬೇಡಿ. ನಮ್ಮ ಕನ್ನಡ ದೊಡ್ಡ ಪೇಟೆಯ ಭಾಷೆಯಲ್ಲ. ಗಡಿಯಲ್ಲಿರುವ ನಮ್ಮ ಶಾಲೆಗಳಂತೂ ಯಾವ ವ್ಯಾಪಾರಿಯ ಲೆಕ್ಕಕ್ಕೂ ಬರುವುದಿಲ್ಲ. ಲಿಬ್ರೆಆಫೀಸಿನಲ್ಲಿ ಕನ್ನಡದ ಪದಗಳು ಕಾಣುವುದು ಕನ್ನಡ ಬಲ್ಲ ಕೆಲವರು ಕುಳಿತು ಅನುವಾದಿಸಿದ್ದರಿಂದ. ಪರವಾನಗಿ ನಮಗೆ ಹಕ್ಕನ್ನು ಕೊಟ್ಟಿದೆ, ಕೆಲಸವನ್ನು ಮಾಡಿಕೊಡುವುದಿಲ್ಲ. ಅಲ್ಲೊಂದು ತಪ್ಪು ಪದ ಕಂಡರೆ ಬರೆದು ತಿಳಿಸುವುದು ನಿಮ್ಮ ಮೊದಲ ಹೆಜ್ಜೆಯಾಗಲಿ.

ಅಂದು ಆ ಪಾಲಕರಿಗೆ ನಾವು ಹೇಳಿದ್ದು ಇಷ್ಟೇ: "ಕಾಗದದ ಮಾಲಕರು ದೂರ ಇದ್ದಾರ್ರೀ. ಕೆಲಸದ ಮಾಲಕ ನಿಮ್ಮ ಮಗಾನೂ ಆಗಬಹುದು."